ಮೊದಲ ಪುಟದ ಓದುಗರ ಸಮಿತಿ

ಇಸ್ತ್ರಿಪೆಟ್ಟಿಗೆ ಕೊಂಡವರ ಮನೆಯಲ್ಲೆಲ್ಲ ಹಂತಣ್ಣನ ಬರಹ ಇರುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ ಎಂಬುದು ಬೇರೆ ಮಾತು. ಇಸ್ತ್ರಿಪೆಟ್ಟಿಗೆ, ನೀರಿನ ಪಂಪು, ಹೊಲಿಗೆ ಯಂತ್ರ, ಗೋಡೆ ಫ್ಯಾನು, ಹೀಗೆ ಏನು ಕೊಂಡರೂ ಡಬ್ಬದ ತಳದಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದ ಇರುತ್ತದಲ್ಲ, ಇಪ್ಪತ್ತಾರು ವರ್ಷ ಅದನ್ನು ಬರೆದವನು ಅವನೇ. "ಹಂತ ಒಂದು: ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಿ. ಹಂತ ಎರಡು: ಸ್ವಿಚ್ಚು ಒತ್ತಿ." ಬರೆದು ಬರೆದು ಅವನ ಮಾತೂ ಹಾಗೇ ಆಗಿಹೋಗಿತ್ತು. ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ ಹಂತ ಹಂತವಾಗಿ ವಿವರಿಸುತ್ತಿದ್ದ. ಮೂರನೇ ಹಂತದ ಹೊತ್ತಿಗೆ ಕೇಳಿದವರು ಇನ್ನೊಬ್ಬರನ್ನು ಕೇಳಲು ಹೋಗಿರುತ್ತಿದ್ದರು. ಹಂತಣ್ಣ ಎಂಬುದು ಹಾಗೆ ಬೀದಿಯವರು ಇಟ್ಟ ಹೆಸರು. ಮನೆಯಲ್ಲಿ ಮಾತ್ರ, ವಯಸ್ಸು ಐವತ್ತೆರಡಾದರೂ, ಅಕ್ಕನ ಬಾಯಲ್ಲಿ ಅವನಿನ್ನೂ ಪುಟ್ಟ.

ಇಂಥವನಿಗೆ ಒಂದು ದಿನ ಕಂಪ್ಯೂಟರ್ ಕಂಪನಿಯಿಂದ ಕರೆ ಬಂತು. ಟಯರು ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಏಳು ಜನ ಕೂತು ಒಂದು ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದರು. ಕಂಪ್ಯೂಟರಿಗೆ ಕೆಲಸ ಹೇಳುವ ಆಜ್ಞೆಗಳೆಲ್ಲ ಅದರಲ್ಲಿ ಮನೆಮಾತಿನಲ್ಲೇ ಇದ್ದವು: ಇಡು, ತೋರಿಸು, ಕೂಡು, ಮತ್ತೆ ಮಾಡು. ಒಟ್ಟು ಅರವತ್ತೆರಡು ಆಜ್ಞೆ. ಒಂದೊಂದಕ್ಕೆ ಒಂದು ಪುಟದಂತೆ ಕೈಪಿಡಿ ಬೇಕಿತ್ತು. ಕಂಪ್ಯೂಟರನ್ನು ಮುಟ್ಟಿ ನೋಡದವರೂ ಯಾವ ಪುಟ ತೆರೆದರೂ ತಿಳಿದುಕೊಳ್ಳುವಂತಿರಬೇಕು. ಏಳು ಜನವೂ ಬರೆಯಲು ಕೂತು ಸೋತಿದ್ದರು. ಅವರು ಬರೆದದ್ದು ಅವರಿಗೆ ಮಾತ್ರ ತಿಳಿಯುತ್ತಿತ್ತು. ಏಳನೆಯವನು ಬರೆದದ್ದು ಅವನಿಗೂ ತಿಳಿಯುತ್ತಿರಲಿಲ್ಲ.

ಕಂಪನಿಯ ಮುಖ್ಯಸ್ಥೆ ಮೂವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಅವಳ ಕುರ್ಚಿಯ ಹಿಂದೆ ಗೋಡೆಗೆ ಒಂದು ಹಾಳೆ ಅಂಟಿಸಿತ್ತು: 'ಓದಿದವರಿಗೆ ತಿಳಿಯದಿದ್ದರೆ ತಪ್ಪು ಬರೆದವರದು.' ಹಂತಣ್ಣ ಅದನ್ನು ಎರಡು ಸಲ ಓದಿದ. ಹಾಗೆ ಅಂದುಕೊಂಡಿರುವವನು ತಾನೊಬ್ಬನೇ ಎಂದು ಇಷ್ಟು ವರ್ಷ ಅವನು ತಿಳಿದಿದ್ದ.

"ಬರೆದದ್ದನ್ನ ಯಾರ ಹತ್ರ ಓದಿಸಿ ನೋಡ್ತೀರಿ?" ಎಂದು ಮುಖ್ಯಸ್ಥೆ ಕೇಳಿದಳು.

ಇಪ್ಪತ್ತಾರು ವರ್ಷದಿಂದ ಅವನ ಬರಹ ಮೊದಲು ಓದುತ್ತಿದ್ದವಳು ಅಕ್ಕ. ಆದರೆ ಅಷ್ಟು ದೊಡ್ಡ ಮೇಜಿನ ಮುಂದೆ ಕೂತು 'ನಮ್ಮಕ್ಕನ ಹತ್ರ' ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

"ಓದುಗರ ಸಮಿತಿ ಇದೆ ಮೇಡಂ" ಅಂದುಬಿಟ್ಟ.

"ಎಷ್ಟು ಜನ?"

"ದಿನಕ್ಕೊಬ್ಬರು."

ಆ ದಿನ ಅದು ಶುದ್ಧ ಸುಳ್ಳು. ಎರಡು ತಿಂಗಳು ತುಂಬುವುದರೊಳಗೆ ಅದು ನಿಜವಾದದ್ದು ಹೇಗೆ ಎಂಬುದೇ ಇಲ್ಲಿನ ಸಂಕಟ.

ಅಕ್ಕನಿಗೆ ಅರವತ್ತೆಂಟು. ತಾಯಿ ತೀರಿಕೊಂಡಾಗ ಪುಟ್ಟನಿಗೆ ಆರು, ಅವಳಿಗೆ ಇಪ್ಪತ್ತೆರಡು. ಹೊಲಿಗೆ ಹೊಲಿದು ಸಾಕಿದಳು. ಬೀದಿಯ ಅರ್ಧ ಜನ ತೊಟ್ಟದ್ದು ಅವಳು ಹೊಲಿದ ಬಟ್ಟೆ. ಅಳತೆ ಪುಸ್ತಕ ಎಂಬುದನ್ನು ಅವಳು ಇಟ್ಟವಳೇ ಅಲ್ಲ. ಒಂದು ಸಲ ಟೇಪು ಹಿಡಿದರೆ ಮುಗಿಯಿತು. ಹತ್ತು ವರ್ಷ ಬಿಟ್ಟು ಬಂದರೂ "ನಿಮ್ಮ ಎಡಭುಜ ಸ್ವಲ್ಪ ಇಳಿಜಾರು ಅಲ್ವಾ" ಎಂದು ಬಾಗಿಲಲ್ಲೇ ಹೇಳುತ್ತಿದ್ದಳು.

ಹಂತಣ್ಣ ಮೊದಲ ಪುಟ ಬರೆದು ತಂದ. "ಇಡು: ಒಂದು ಸಂಖ್ಯೆಗೆ ಹೆಸರು ಕೊಟ್ಟು ಯಂತ್ರದ ನೆನಪಿನಲ್ಲಿ ಇರಿಸುವ ಆಜ್ಞೆ. ಉದಾಹರಣೆ: ಇಡು ವಯಸ್ಸು = 9. ಆಮೇಲೆ 'ತೋರಿಸು ವಯಸ್ಸು' ಎಂದರೆ ಯಂತ್ರ 9 ಎಂದು ತೋರಿಸುತ್ತದೆ."

ಅಕ್ಕ ಕನ್ನಡಕ ಏರಿಸಿ ಎರಡು ಸಲ ಓದಿದಳು. "ಯಾರ ವಯಸ್ಸೋ ಇದು?"

"ಯಾರದೂ ಅಲ್ಲಕ್ಕ. ಉದಾಹರಣೆ."

"ಯಾರದೂ ಅಲ್ಲದ ವಯಸ್ಸು ಕಟ್ಕೊಂಡು ನಾನೇನು ಮಾಡ್ಲಿ? ಒಂದು ಮಗು ಇದೆ, ಅದಕ್ಕೆ ಒಂಬತ್ತು ಅಂತ ಹೇಳು. ಆಗ ಮನಸ್ಸಿಗೆ ಹತ್ತುತ್ತೆ."

ಹಂತಣ್ಣ ಆ ಮಾತನ್ನು 'ಸಮಿತಿಯ ಅಭಿಪ್ರಾಯ, ಒಂದು' ಎಂದು ಟೈಪು ಮಾಡಿ ಕಳಿಸಿದ. ಟಯರು ಅಂಗಡಿಯ ಮೇಲೆ ಏಳೂ ಜನ ಅದನ್ನು ಓದಿ ತಲೆದೂಗಿದರು.

ಮರುದಿನ ತಿದ್ದಿದ ಪುಟ ಕೊಟ್ಟ. ಅಕ್ಕ ಕನ್ನಡಕ ಏರಿಸಿದಳು. "ಹೊಸದಾ ಇದು? ಯಾವ ಯಂತ್ರದ್ದು?" ಅಂದಳು. ಓದಿ, "ಎಲ್ಲಾ ಸರಿ. ಮಧ್ಯದಲ್ಲಿ ಎರಡು ಗೀಟು ಎಳೆದಿದೀಯಲ್ಲ, ಅದೇನು?" ಎಂದು ಕೇಳಿದಳು. ಸಮಚಿಹ್ನೆಯ ಬಗ್ಗೆ ಒಂದು ಸಾಲೂ ಬರೆದಿಲ್ಲವೆಂದು ಆಗ ಹೊಳೆಯಿತು. ಅಭಿಪ್ರಾಯ, ಎರಡು. ಮೂರನೇ ದಿನ ಮತ್ತೆ "ಹೊಸದಾ ಇದು?" ಅಭಿಪ್ರಾಯ, ಮೂರು. ದಿನಕ್ಕೊಬ್ಬ ಹೊಸ ಓದುಗ, ದಿನಕ್ಕೊಂದು ಹೊಸ ಕಣ್ಣು. ಹುಡುಕಿಸಿದರೂ ಸಿಗದಂಥ ಸಮಿತಿ ಎಂದು ಮುಖ್ಯಸ್ಥೆ ಮೆಚ್ಚಿ ಪತ್ರ ಬರೆದಳು.

ಹಂತಣ್ಣನ ಹೆಂಡತಿ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ದಿನಕ್ಕೆ ಇನ್ನೂರು ಮುಖ ನೋಡುವವಳು. ಎರಡನೇ ವಾರ ಬಟ್ಟೆ ಮಡಚುತ್ತಾ ಮಾತು ತೆಗೆದಳು.

"ರೀ, ಅತ್ತಿಗೆನ ಒಂದ್ಸಲ ಡಾಕ್ಟರ ಹತ್ರ ತೋರಿಸೋಣ."

"ಯಾಕೆ, ಏನಾಗಿದೆ?"

"ನಿನ್ನೆ ಓದಿದ್ದು ಇವತ್ತು ನೆನಪಿರಲ್ಲ ಅವರಿಗೆ."

"ನೆನಪಿರಲ್ಲ ಅಂದ್ರೆ ನಾನು ಬರೆದದ್ದು ಸರಿ ಇಲ್ಲ ಅಂತ ಅರ್ಥ. ಆಫೀಸಿನ ಗೋಡೆ ಮೇಲೇ ಹಾಕಿದಾರೆ."

"ಮೊನ್ನೆ ನನ್ನನ್ನ ಕೇಳಿದ್ರು, ನೀನು ಯಾರ ಮನೆಯವಳಮ್ಮ ಅಂತ."

"ಅಕ್ಕ ಮೊದಲಿಂದ ತಮಾಷೆಯವಳು."

"ನಾನು ನಗೋವರೆಗೂ ಕಾಯ್ತಿದ್ದೆ. ಅವರು ನಗಲಿಲ್ಲ ಕಣ್ರೀ."

ಹಂತಣ್ಣ ಎದ್ದು ನಿಂತ. "ನೋಡು. ಈ ಒಂದು ಪುಟ. ಮಾರನೇ ದಿನಕ್ಕೂ ಅಕ್ಕನ ತಲೇಲಿ ಉಳಿಯೋ ಹಾಗೆ ಬರೆದು ತೋರಿಸ್ತೀನಿ. ಉಳೀತು ಅಂದ್ರೆ ಡಾಕ್ಟರ ಮಾತು ಈ ಮನೇಲಿ ಎತ್ತಕೂಡದು."

"ಉಳೀದೇ ಇದ್ರೆ?"

"ಉಳಿಯೋವರೆಗೂ ಬರೀತೀನಿ."

ಹೆಂಡತಿ ಮತ್ತೆ ಬಟ್ಟೆಯ ಕಡೆ ತಿರುಗಿದಳು. ಒಂದೇ ಅಂಗಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಮಡಚಿದಳು.

ಕಣ್ಣಿಗೆ ರಾಚುವಂಥದ್ದು ಇನ್ನೂ ಇತ್ತು. ಕೆಳಗಿನ ಮನೆಯ ಮಾಲೀಕರು ಪೀಪಾಯಿಯಂಥ ದೇಹದವರು. ಒಂದು ದಿನ ಮೇಲೆ ಬಂದಾಗ, ಅಕ್ಕ ಹೊಲಿದುಕೊಟ್ಟ ಅವರ ಹೊಸ ಅಂಗಿಯ ಗುಂಡಿಗಳು ಒಂದನ್ನೊಂದು ದೂರದಿಂದ ನೋಡುತ್ತಿದ್ದವು. "ಈಚೆಗೆ ಮೈ ಬಂದಿದೆ ನಿಮಗೆ" ಎಂದು ಹಂತಣ್ಣ ಬುದ್ಧಿ ಹೇಳಿದ. ಕಡ್ಡಿಯಂತಿದ್ದ ಕ್ಷೌರದವನು ಬಂದಾಗ ಅವನ ಬಿಳಿ ಕೋಟಿನ ತೋಳು ಬೆರಳ ತುದಿ ದಾಟಿ ಜೋಲುತ್ತಿತ್ತು. "ಊಟ ತಿಂಡಿ ಸರಿಯಾಗಿ ಮಾಡಯ್ಯ, ಕರಗಿಹೋಗ್ತಿದೀಯ" ಅಂದ. ತೆಂಗಿನ ಮರದಷ್ಟು ಎತ್ತರದ ನಿವೃತ್ತ ಟಿಕೆಟ್ ಕಲೆಕ್ಟರರ ಪ್ಯಾಂಟು ಮೊಣಕಾಲಿನಿಂದ ಗೇಣು ಕೆಳಗೆ ಮುಗಿದುಹೋಗಿತ್ತು. "ಬಿಸಿನೀರಲ್ಲಿ ಒಗೆಸಿದ್ರಾ? ಕುಗ್ಗಿದೆ" ಅಂದ. ಮೂವರೂ "ಹೌದೌದು" ಎಂದು ಒಪ್ಪಿಕೊಂಡರು. ಮನೆಗೆ ಹೋಗಿ ಬಟ್ಟೆ ಬಿಚ್ಚಿ ಗೂಟಕ್ಕೆ ಹಾಕಿದರು. ಅಕ್ಕನ ಮನೆಗೆ ಬರುವಾಗ ಮಾತ್ರ ಮತ್ತೆ ತೊಟ್ಟು ಬರುತ್ತಿದ್ದರು. ಈ ವಿಷಯ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಹಂತಣ್ಣ ಒಬ್ಬನೇ. ಅವನು ಪುಟ ಬರೆಯುತ್ತಿದ್ದ.

ಏಳನೇ ಸಲ ಬರೆದಾಗ 'ಇಡು' ಎಂಬುದನ್ನು ಡಬ್ಬಿಗೆ ಹೋಲಿಸಿದ. ಡಬ್ಬಿಗೆ ಮುಚ್ಚಳ ಇದೆಯೇ ಎಂದು ಅಕ್ಕ ಕೇಳಿದಳು. ಹನ್ನೆರಡನೇ ಸಲ ಗೂಡು ಮಾಡಿದ; ಗೂಡಿಗೆ ಇರುವೆ ಹತ್ತದೇ ಎಂದಳು. ಹತ್ತೊಂಬತ್ತನೇ ಸಲ ಹೋಲಿಕೆಗಳನ್ನೆಲ್ಲ ಕಿತ್ತೊಗೆದು ಉದಾಹರಣೆಯನ್ನು ಮೇಲಕ್ಕೆ, ವಿವರಣೆಯನ್ನು ಕೆಳಕ್ಕೆ ಹಾಕಿದ. ಮೂವತ್ತು ಸಾಲಿನ ಪುಟ ಹದಿನೆಂಟಾಯಿತು, ಹದಿನಾಲ್ಕಾಯಿತು, ಒಂಬತ್ತಾಯಿತು. ಇನ್ನು ಒಂದು ಪದ ತೆಗೆದರೂ ಕುಸಿಯುವ ಹಾಗೆ, ಒಂದು ಪದ ಸೇರಿಸಿದರೂ ಮುಗ್ಗರಿಸುವ ಹಾಗೆ ನಿಂತಿತು. ಸಂಜೆ ಅಕ್ಕನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಬೆಳಿಗ್ಗೆ "ಹೊಸದಾ ಇದು?"

ಉಳಿದ ಅರವತ್ತೊಂದು ಪುಟ ಖಾಲಿ ಬಿದ್ದಿದ್ದವು. ಮುಖ್ಯಸ್ಥೆ ಕರೆಸಿದಳು.

"ಒಂದೇ ಪುಟ ಎಷ್ಟು ಸಲ ಕಳಿಸ್ತೀರಿ?"

"ಸಮಿತಿ ಒಪ್ಪಬೇಕಲ್ಲ ಮೇಡಂ."

"ಇಲ್ಲೀವರೆಗೆ ಎಷ್ಟು ಜನ ಓದಿದಾರೆ?"

"ನಲವತ್ತೊಂದು."

"ನಲವತ್ತೊಂದು ಜನದಲ್ಲಿ ಒಬ್ಬರಿಗೂ ಮಾರನೇ ದಿನ ನೆನಪಿಲ್ವಾ?"

"ಒಬ್ಬರಿಗೂ ಇಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಭಾನುವಾರ ಬರ್ತೀನಿ. ಸಮಿತಿನ ನಾನೂ ನೋಡಬೇಕು."

ಹಂತಣ್ಣ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ನಲವತ್ತೊಂದು ಜನರನ್ನು ಎಲ್ಲಿಂದ ತರುವುದು? ಮೂವರಾದರೂ ಸಾಕು, ಉಳಿದವರಿಗೆ ಜ್ವರ ಎಂದರಾಯಿತು ಎಂದು ಮೊದಲು ಮಾಲೀಕರ ಬಾಗಿಲು ತಟ್ಟಿದ.

ಮಾಲೀಕರು ಪೂರ್ತಿ ಕೇಳಿಸಿಕೊಂಡರು. "ಅಂದ್ರೆ, ಏನೂ ಗೊತ್ತಿಲ್ಲದವರು ಬೇಕು ಅಂದ ತಕ್ಷಣ ನಿನಗೆ ನನ್ನ ನೆನಪಾಯ್ತು."

"ಹಾಗಲ್ಲ ಮಾಲೀಕರೇ. ಗೊತ್ತಿಲ್ಲದವರಿಗೆಲ್ಲ ನೀವು ಅಧ್ಯಕ್ಷರು."

ಅಧ್ಯಕ್ಷ ಎಂಬ ಮಾತಿಗೆ ಅವರು ಕರಗಿದರು. ಕ್ಷೌರದವನು ಬರುವುದಾಗಿ ಹೇಳಿ, ತನಗೆ ಗೊತ್ತಿಲ್ಲ ಎಂಬುದು ತನ್ನ ಗಿರಾಕಿಗಳ ಕಿವಿಗೆ ಬೀಳಬಾರದೆಂದು ಮಾತು ತೆಗೆದುಕೊಂಡ. ಟಿಕೆಟ್ ಕಲೆಕ್ಟರರು ಮಾತ್ರ ಎದೆ ಉಬ್ಬಿಸಿದರು. "ಮೂವತ್ತೈದು ವರ್ಷ ಟಿಕೆಟ್ ಇಲ್ಲದವರನ್ನ ಹಿಡಿದೋನು ನಾನು. ಏನೂ ಗೊತ್ತಿಲ್ಲದ ಮುಖ ಹೇಗಿರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಡಿ, ನಾನು ನೋಡ್ಕೋತೀನಿ."

ಭಾನುವಾರ ಹತ್ತು ಗಂಟೆಗೆ ಸಮಿತಿ ಸೇರಿತು. ದೊಡ್ಡ ಮನುಷ್ಯರು ಬರುತ್ತಾರೆ, ಒಳ್ಳೆ ಬಟ್ಟೆ ಹಾಕಿ ಎಂದು ಹಂತಣ್ಣ ಹೇಳಿದ್ದ. ಅಕ್ಕನ ಮನೆಗೆ ಬೇರೆ ಹೋಗುವುದು. ಮೂವರೂ ಗೂಟದಿಂದ ಅವೇ ಬಟ್ಟೆ ಇಳಿಸಿ ತೊಟ್ಟು ಬಂದರು. ಹೊಲಿಗೆ ಯಂತ್ರದ ಪಕ್ಕ ಸಾಲಾಗಿ ಮೂರು ಕುರ್ಚಿ. ಒಂದರಲ್ಲಿ ಬಿರಿಯುವ ಅಂಗಿ, ಒಂದರಲ್ಲಿ ಕೈ ನುಂಗಿದ ಕೋಟು, ಒಂದರಲ್ಲಿ ಅರ್ಧ ದಾರಿಗೇ ನಿಂತ ಪ್ಯಾಂಟು.

ಮುಖ್ಯಸ್ಥೆ ಎದುರಿಗೆ ಕೂತು ನೋಟ್ ಪುಸ್ತಕ ತೆರೆದಳು. ಹಂತಣ್ಣ ಮಾಲೀಕರತ್ತ ಪುಟ ಚಾಚಿದ. ಅದು ಕೈ ತಲುಪುವ ಮೊದಲೇ ಮಾಲೀಕರು "ನನಗೆ ಗೊತ್ತಾಗಲಿಲ್ಲ" ಎಂದು ಘೋಷಿಸಿದರು. ಟಿಕೆಟ್ ಕಲೆಕ್ಟರರು 'ಇಡು' ಎಂಬ ಎರಡಕ್ಷರ ನೋಡಿ, ಜೇಬುಗಳನ್ನೆಲ್ಲ ತಡಕಿ, ಚಾವಣಿ ನೋಡಿ, ಗಾಡಿ ತಪ್ಪಿದವರಂತೆ ನಿಟ್ಟುಸಿರು ಬಿಟ್ಟರು. ಕ್ಷೌರದವನು ಓದಲು ಶುರುಮಾಡಿದ. ಅವನ ಅಂಗಡಿ ಈ ಮನೆಯ ಕಿಟಕಿಗೆ ಸರಿಯಾಗಿ ಕೆಳಗಿತ್ತು. ನಲವತ್ತೊಂದು ಸಂಜೆ ಹಂತಣ್ಣ ಗಟ್ಟಿಯಾಗಿ ವಿವರಿಸಿದ್ದನ್ನು ಕೇಳಿದ್ದ. ಪುಟ ತಲೆಕೆಳಗಾಗಿ ಹಿಡಿದೇ ಒಂಬತ್ತೂ ಸಾಲನ್ನು ತಪ್ಪಿಲ್ಲದೆ ಒಪ್ಪಿಸಿ, "ಏನೂ ತಿಳೀಲಿಲ್ಲ ಮೇಡಂ" ಎಂದು ಮುಗಿಸಿದ.

ಮುಖ್ಯಸ್ಥೆಯ ತುಟಿ ಸ್ವಲ್ಪ ನಡುಗಿತು. ನಗು ತಡೆದಳೋ ಸಿಟ್ಟು ತಡೆದಳೋ ಹೇಳುವುದು ಕಷ್ಟ.

ಅಷ್ಟರಲ್ಲಿ ಅಕ್ಕ ನೀರಿನ ಲೋಟಗಳನ್ನು ತಂದಳು. ಎಲ್ಲರಿಗೂ ಕೊಟ್ಟು, ಬಿದ್ದಿದ್ದ ಪುಟ ಎತ್ತಿ ಕನ್ನಡಕ ಏರಿಸಿದಳು. "ಪುಟ್ಟ, ನೀನು ಬರೆದದ್ದಾ? ಹೊಸದಾ ಇದು?" ಎಂದು ನಿಂತಲ್ಲೇ ನಿಧಾನವಾಗಿ ಓದಿದಳು. ಆಮೇಲೆ ಮುಖ್ಯಸ್ಥೆಯ ಕಡೆ ತಿರುಗಿದಳು.

"ಚೆನ್ನಾಗಿ ಬರೆದಿದಾನೆ. ಒಂದು ಮಾತು ಕೇಳ್ತೀನಿ ತಾಯಿ. ಇದೇ ಹೆಸರಲ್ಲಿ ಮೊದಲೇ ಏನೋ ಇಟ್ಟಿರ್ತೀವಿ ಅನ್ನು. ಈಗ ಹೊಸದು ಇಟ್ರೆ ಆ ಹಳೇದು ಎಲ್ಲಿಗೆ ಹೋಗುತ್ತೆ?"

ಮುಖ್ಯಸ್ಥೆ ಬರೆಯುವುದನ್ನು ನಿಲ್ಲಿಸಿದಳು. "ಅಳಿಸಿಹೋಗುತ್ತೆ ಅಮ್ಮ."

"ಹೇಳದೇ ಕೇಳದೇನಾ?"

"ಹೂಂ. ಹೇಳದೇ ಕೇಳದೇ."

"ಅದನ್ನೂ ಬರೀಬೇಕು ಕಣೋ ಪುಟ್ಟ. ಪಾಪ, ಜನಕ್ಕೆ ಗೊತ್ತಾಗದೇ ಹೋಗುತ್ತೆ." ಹೀಗೆಂದು ಪುಟ ಇಡಲು ಬಗ್ಗಿದಾಗ ಅವಳ ಕಣ್ಣು ಮಾಲೀಕರ ಎದೆಯ ಮೇಲೆ ನಿಂತಿತು. ಹತ್ತಿರ ಹೋಗಿ ಎರಡು ಬೆರಳಲ್ಲಿ ಗುಂಡಿಪಟ್ಟಿ ಹಿಡಿದು ನೋಡಿದಳು. "ಏನಿದು? ಯಾರು ಹೊಲಿದಿದ್ದು ಈ ಅಂಗಿ?"

ಮಾಲೀಕರು ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರು.

"ಪೇಟೇಲಿ ಕೊಟ್ಟಿದ್ದೆ ಅಮ್ಮ" ಅಂದರು ಮಾಲೀಕರು.

"ಟೇಪು ಹಿಡಿಯೋಕೆ ಬರದವರಿಗೆ ಯಾಕೆ ಕೊಡ್ತೀರಿ? ಬಟ್ಟೆ ಹಾಳು." ಅವಳು ಪಕ್ಕಕ್ಕೆ ನೋಡಿದಳು, ಅದರ ಪಕ್ಕಕ್ಕೆ ನೋಡಿದಳು. "ನಿಮ್ಮಿಬ್ಬರದೂ ಅದೇ ಅಂಗಡಿನಾ?"

"ಅದೇ ಅಂಗಡಿ ಅಕ್ಕಾ" ಅಂದ ಕ್ಷೌರದವನು.

"ಮೂರು ಜನಾನೂ ಮೋಸ ಹೋದ್ವಿ" ಅಂದರು ಟಿಕೆಟ್ ಕಲೆಕ್ಟರರು. ಆ ಬೆಳಿಗ್ಗೆ ಅವರು ಚೆನ್ನಾಗಿ ನಟಿಸಿದ್ದು ಅದೊಂದೇ ಸಲ.

ಹಂತಣ್ಣ ಮೂರು ಕುರ್ಚಿಗಳನ್ನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. ಮೂವರೂ ಒಳಕೋಣೆಗೆ ಹೋಗಿ ಬಟ್ಟೆ ಅದಲುಬದಲು ಮಾಡಿಕೊಂಡು ಬಂದಿದ್ದರೆ ಎಲ್ಲವೂ ಅಂಗುಲದ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ಅಳತೆ ಒಂದೂ ತಪ್ಪಿರಲಿಲ್ಲ. ಯಾರದು ಯಾವುದು ಎಂಬುದು ಮಾತ್ರ ಕಲಸಿಹೋಗಿತ್ತು. ಮೈ ಬಂದದ್ದೂ ಇಲ್ಲ, ಯಾರೂ ಕರಗಿದ್ದೂ ಇಲ್ಲ, ಬಿಸಿನೀರೂ ಇಲ್ಲ.

ಮುಖ್ಯಸ್ಥೆಯನ್ನು ಬೀಳ್ಕೊಡಲು ಮೆಟ್ಟಿಲವರೆಗೆ ಹೋದ.

"ಅವರೊಬ್ಬರೇನಾ ಸಮಿತಿ?" ಎಂದು ಅವಳು ಕೇಳಿದಳು.

"ದಿನಕ್ಕೊಬ್ಬರು ಮೇಡಂ" ಅಂದ. ಈಗ ಅದು ಸುಳ್ಳಾಗಿರಲಿಲ್ಲ.

ಅವಳು ಎರಡು ಮೆಟ್ಟಿಲು ಇಳಿದು ನಿಂತಳು. "ಆ ಪುಟನ ಇನ್ನು ಮುಟ್ಟಬೇಡಿ."

"ಇನ್ನೊಂದೇ ಸಲ ಬರೆದರೆ..."

"ಅದರಲ್ಲಿ ಏನೂ ತಪ್ಪಿಲ್ಲ. ನಾನು ಇಷ್ಟು ಚೆನ್ನಾಗಿರೋ ಪುಟ ನೋಡೇ ಇಲ್ಲ."

ಇಪ್ಪತ್ತಾರು ವರ್ಷದಲ್ಲಿ ಅವನ ಬರಹಕ್ಕೆ ಹೊರಗಿನವರಿಂದ ಸಿಕ್ಕ ಮೊದಲ ಹೊಗಳಿಕೆ ಅದು. ಕೇಳಿ ಹಂತಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. "ನಾಳೆ ನಾನು ರಜೆ ಹಾಕ್ತೀನಿ" ಅಂದಳು. ಅವನು ತಲೆಯಾಡಿಸಿದ.

ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. "ಅಮ್ಮ, ಮೂರು ಮಾತು ಹೇಳ್ತೀನಿ. ಕೊಡೆ, ಬೀಗ, ಹಡಗು. ಐದು ನಿಮಿಷ ಬಿಟ್ಟು ಕೇಳ್ತೀನಿ" ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಅಕ್ಕ ನಾಚಿಕೊಂಡು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು.

"ಡಾಕ್ಟ್ರೇ, ತಪ್ಪು ತಿಳೀಬೇಡಿ" ಎಂದು ಹಂತಣ್ಣ ನಡುವೆ ಬಾಯಿ ಹಾಕಿದ. "ನಿಮ್ಮ ಪ್ರಶ್ನೆ ರಚನೆ ಸರಿಯಿಲ್ಲ. ಕೊಡೆಗೂ ಹಡಗಿಗೂ ಏನು ಸಂಬಂಧ? ಹೊಸಬರಿಗೆ ಹೀಗೆ ಸುಮ್ಮನೆ ಮಾತು ಎಸೆದ್ರೆ ಹೇಗೆ ಉಳಿಯುತ್ತೆ?"

ಹೆಂಡತಿ ಅವನ ತೋಳು ಹಿಡಿದಳು. ಡಾಕ್ಟರು ಸಿಟ್ಟಾಗಲಿಲ್ಲ. ಇಂಥವರನ್ನು ಅವರು ಬಹಳ ನೋಡಿದ್ದರು. "ಸರಿ, ನೀವೇ ಕೇಳಿ" ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

ಹಂತಣ್ಣ ಅಕ್ಕನ ಎದುರು ಮೊಣಕಾಲೂರಿ ಕೂತ. "ಅಕ್ಕ, ಹಂತ ಒಂದು. ಮಳೆ ಬರ್ತಿದೆ, ನೀನು ಕೊಡೆ ತಗೊಂಡೆ. ಹಂತ ಎರಡು. ಮನೆಗೆ ಬೀಗ ಹಾಕಿದೆ. ಹಂತ ಮೂರು. ಹಡಗು ಹತ್ತಿದೆ. ಅಷ್ಟೇ." ಇಪ್ಪತ್ತಾರು ವರ್ಷದ ಕಸುಬು ಪೂರ್ತಿ ಅದರಲ್ಲಿತ್ತು. ಅಕ್ಕ ಒಂದೊಂದಕ್ಕೂ ಹೂಂಗುಟ್ಟಿದಳು. ಐದು ನಿಮಿಷ ಗೋಡೆ ಗಡಿಯಾರ ನೋಡುತ್ತಾ ಕಳೆಯಿತು.

"ಹೇಳಕ್ಕ."

ಅಕ್ಕ ಅವನ ಮುಖವನ್ನೇ ನೋಡಿದಳು. ಉತ್ತರ ಹುಡುಕುವವಳ ಹಾಗಿರಲಿಲ್ಲ. ಏನು ಹೇಳಿದರೆ ಇವನಿಗೆ ಸಮಾಧಾನವಾದೀತು ಎಂದು ಯೋಚಿಸುವವಳ ಹಾಗಿದ್ದಳು. ಕೈ ಚಾಚಿ ಅವನ ತಲೆ ಸವರಿದಳು.

"ನೀನು ಚೆನ್ನಾಗೇ ಹೇಳಿಕೊಟ್ಟೆ ಕಣೋ" ಅಂದಳು.

ಡಾಕ್ಟರು ಔಷಧಿ ಬರೆದರು. ಇದು ಹೆಚ್ಚಾಗದಂತೆ ಸ್ವಲ್ಪ ದಿನ ತಡೆಯಬಹುದು, ಹಿಂದಕ್ಕೆ ತರಲು ಆಗುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಚೀಟಿಯನ್ನು ಹೆಂಡತಿ ತೆಗೆದುಕೊಂಡಳು.

ಉಳಿದ ಅರವತ್ತೊಂದು ಪುಟಗಳನ್ನು ಹಂತಣ್ಣ ಆರು ವಾರದಲ್ಲಿ ಬರೆದು ಮುಗಿಸಿದ. ಅವನ್ನು ಹೆಂಡತಿ ಓದಿದಳು. ಒಳ್ಳೆಯ ಪುಟಗಳೇ, ಆದರೆ ಮೊದಲನೆಯದರ ಹತ್ತಿರ ಯಾವುದೂ ಬರಲಿಲ್ಲ. ಕೈಪಿಡಿ ಹೊರಬಂತು, ಕಂಪನಿಯವರು ಅವನಿಗೆ ಒಂದು ಹಳೇ ಕಂಪ್ಯೂಟರನ್ನು ಮನೆಗೇ ಕಳಿಸಿಕೊಟ್ಟರು.

ಒಂದು ಮಧ್ಯಾಹ್ನ ಅವನು ಅದರ ಮುಂದೆ ಕೂತಿದ್ದ. ಅಕ್ಕ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಏನಪ್ಪಾ ಇದು?"

ಹೊಸದಾಗಿ ಪರಿಚಯವಾದವರನ್ನು ಕೇಳುವ ಮರ್ಯಾದೆ ಆ ದನಿಯಲ್ಲಿತ್ತು. ಹಂತಣ್ಣ ಕೈಪಿಡಿ ತೆಗೆಯಲಿಲ್ಲ. "ಇದಕ್ಕೆ ಏನಾದರೂ ಹೇಳಿಕೊಟ್ರೆ ನೆನಪಿಟ್ಕೊಳ್ಳುತ್ತೆ ಅಕ್ಕ. ನೀನೇ ಹೇಳಿಕೊಡು."

ಅಕ್ಕ ಸುತ್ತ ನೋಡಿದಳು. ಕಿಟಕಿಯ ಸರಳಿನ ಮೇಲೆ ಗುಬ್ಬಿಗಳು ಕೂತಿದ್ದವು. ಬೆರಳಿಟ್ಟು ಎಣಿಸಿದಳು. ಅವನು ತೋರಿಸಿದ ಹಾಗೆ ಒಂದೊಂದೇ ಅಕ್ಷರ ಒತ್ತಿದಳು: ಇಡು ಗುಬ್ಬಿ = 3. ಗುಬ್ಬಿಗಳು ಹಾರಿಹೋದವು.

"ಈಗ ಕೇಳು ಅದನ್ನ. ತೋರಿಸು ಗುಬ್ಬಿ ಅಂತ."

ಅಕ್ಕ ಒತ್ತಿದಳು. ಪರದೆಯ ಮೇಲೆ 3 ಎಂದು ಬಂತು. ಅವಳು ಖಾಲಿ ಸರಳನ್ನು ನೋಡಿದಳು, ಪರದೆಯನ್ನು ನೋಡಿದಳು, ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು.

"ಜಾಣ ಇದು. ನಾಳೇನೂ ನೆನಪಿರುತ್ತಾ ಇದಕ್ಕೆ?"

ಹಂತಣ್ಣ ತಡವರಿಸಿದ. ಆದರೆ ಅವನು ತಪ್ಪು ಮಾಹಿತಿ ಕೊಟ್ಟು ಅಭ್ಯಾಸವಿಲ್ಲದವನು. "ಇಲ್ಲಕ್ಕ. ಆರಿಸಿದ್ರೆ ಎಲ್ಲಾ ಹೋಗುತ್ತೆ. ಬೆಳಿಗ್ಗೆ ಮತ್ತೆ ಮೊದಲಿಂದ ಹೇಳಬೇಕು."

"ಅಯ್ಯೋ ಪಾಪ" ಎಂದು ಅಕ್ಕ ಅದರ ಬೆನ್ನು ಸವರಿದಳು. ಸ್ವಲ್ಪ ಹೊತ್ತು ಹಾಗೇ ಸವರುತ್ತಿದ್ದಳು. ಆಮೇಲೆ ಅವನ ಕಡೆ ತಿರುಗಿ, ತಿಳಿದವರು ತಿಳಿಯದವರಿಗೆ ಹೇಳುವ ಹಾಗೆ ಹೇಳಿದಳು:

"ಹೇಳಿಕೊಡಪ್ಪ. ಅದರ ಮೇಲೆ ರೇಗಬೇಡ."

"ಇಲ್ಲಕ್ಕ" ಅಂದ ಹಂತಣ್ಣ. "ರೇಗಲ್ಲ."